ಮೇಲೆ ನೂರು ಸುತ್ತು, ಕೆಳಗೆ ಸೊನ್ನೆ

ಚಿಂತಾಮಣಿ ಕಡೆ ನಮ್ಮ ಚಿಕ್ಕಪ್ಪ ತಮ್ಮ ಹೊಲದಲ್ಲಿ ಮೂರನೇ ಬೋರ್ ಕೊರೆಸಿದ ರಾತ್ರಿ ನಾನೂ ಹೋಗಿದ್ದೆ. ತಿರುಚೆಂಗೋಡಿನಿಂದ ಬಂದ ರಿಗ್ಗು, ಅದರ ಬೆನ್ನಿಗೆ ಕಂಪ್ರೆಸರ್ ಲಾರಿ. ಪಕ್ಕದಲ್ಲಿ ನಿಂತವರೂ ಕಿವಿಗೆ ಬಾಯಿಟ್ಟು ಮಾತಾಡಬೇಕು, ಅಂಥ ಅಬ್ಬರ. ದೀಪದ ಬೆಳಕಲ್ಲಿ ಕಲ್ಲಿನ ಪುಡಿ ಮಂಜಿನಂತೆ ಹೊಲದ ಮೇಲೆಲ್ಲ ಇಳಿಯುತ್ತಿತ್ತು. ನಾವೆಲ್ಲ ಗುಂಡಿಯ ಬಾಯಿಯನ್ನೇ ನೋಡುತ್ತಿದ್ದರೆ ರಿಗ್ಗಿನ ಆಪರೇಟರ್ ಮಾತ್ರ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಎಡಗೈಯಲ್ಲಿ ಟೀ ಲೋಟ, ಬಲ ಅಂಗೈ ಲಿವರಿನ ಮೇಲೆ. 780 ಅಡಿ ದಾಟಿದ ಮೇಲೆ ಒಮ್ಮೆ ಲೋಟವನ್ನು ತುಟಿಯಿಂದ ಇಳಿಸಿ, "ಕಲ್ಲು ಚೇಂಜ್ ಆಯ್ತು ಸಾರ್" ಎಂದ. ಮೇಲೆ ಚಿಮ್ಮುತ್ತಿದ್ದ ಪುಡಿ ಇನ್ನೂ ಅದೇ ಬೂದು ಬಣ್ಣ. ಹತ್ತು ಹದಿನೈದು ಸೆಕೆಂಡು ಕಳೆದ ಮೇಲೆ ಅದು ಕೆಂಪಗಾಯಿತು.

ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಕೈಗೆ ಬರತ್ತೆ" ಎಂದಷ್ಟೇ ಹೇಳಿ ಉಳಿದ ಟೀ ಮುಗಿಸಿದ. ಚಿಕ್ಕಪ್ಪನಿಗೆ ಆ ರಾತ್ರಿ ನೀರು ಸಿಗಲಿಲ್ಲ. ನನಗೆ ಈ ಅಧ್ಯಾಯ ಸಿಕ್ಕಿತು.

ಬೋರ್‌ವೆಲ್ಲಿನಲ್ಲಿ ನಡುಕವೇ ಕೆಲಸ. ರಾಡುಗಳ ತುದಿಯಲ್ಲಿ, ಕಲ್ಲಿಗೆ ತಾಗುವ ಮೂತಿಯಾದ ಬಿಟ್‌ನ ಬೆನ್ನಿಗೇ ಹ್ಯಾಮರ್ ಇರುತ್ತದೆ. ಕಂಪ್ರೆಸರಿನ ಗಾಳಿ ಅದರೊಳಗಿನ ಪಿಸ್ಟನ್ನನ್ನು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಕುಟ್ಟಿಸುತ್ತದೆ. ರಾಡು ತಿರುಗುವುದು ತೀರಾ ನಿಧಾನ, ನಿಮಿಷಕ್ಕೆ ಇಪ್ಪತ್ತು ಮೂವತ್ತು ಸುತ್ತು. ಅದೂ ಬಿಟ್‌ನ ಮುಖದ ಉಬ್ಬುಗುಂಡಿಗಳಿಗೆ ಪ್ರತಿ ಏಟಿಗೂ ಹೊಸ ಜಾಗ ಸಿಗಲಿ ಎಂದಷ್ಟೇ. ಒರಳಲ್ಲಿ ಒನಕೆ ಕುಟ್ಟಿದಂತೆ. ಎಣ್ಣೆ ಬಾವಿ, ಅನಿಲದ ಬಾವಿ, ಭೂಶಾಖದ ಬಾವಿಗಳಲ್ಲಿ ವಿಧಾನ ಬೇರೆ. ಅಲ್ಲಿ ಬಿಟ್ ಕುಟ್ಟುವುದಿಲ್ಲ, ತಿರುಗಿ ಕೆರೆಯುತ್ತದೆ. ಅದನ್ನು ರುಬ್ಬುಗುಂಡು ಎನ್ನಬಹುದು. ರುಬ್ಬುಗುಂಡು ಕುಣಿಯತೊಡಗಿದರೆ ಹಿಟ್ಟು ನುಣ್ಣಗಾಗುವುದಿಲ್ಲ, ಕಲ್ಲೇ ಸವೆಯುತ್ತದೆ. ಕಲ್ಲು ಒಡೆಯಬೇಕಾದ ಶಕ್ತಿಯನ್ನು ಈ ಬಾವಿಗಳಲ್ಲಿ ನಡುಕ ಕದಿಯುತ್ತದೆ. ಕದ್ದು ಸುಮ್ಮನಿರುವುದೂ ಇಲ್ಲ, ಆ ಶಕ್ತಿಯಲ್ಲಿ ಯಂತ್ರವನ್ನೇ ಒಡೆಯುತ್ತದೆ.

ಮೊದಲು ಆ ಯಂತ್ರದ ಆಕಾರ ಕಣ್ಣಿಗೆ ಕಟ್ಟಬೇಕು. ಬಹಳ ಬಾವಿಗಳಲ್ಲಿ ಬಳಸುವ ಡ್ರಿಲ್ ಪೈಪಿನ ಹೊರವ್ಯಾಸ 127 ಮಿಲಿಮೀಟರ್, ಅಂದರೆ ಐದು ಇಂಚು. ಒಂದೊಂದು ಪೈಪು ಸುಮಾರು 9 ಮೀಟರ್. ಇಂಥ ನಾನೂರೈವತ್ತು ಪೈಪುಗಳನ್ನು ಒಂದಕ್ಕೊಂದು ತಿರುಪಿ ಜೋಡಿಸಿದರೆ 4 ಕಿಲೋಮೀಟರ್. ಈ ಸರಪಣಿಯನ್ನು ನಿಮ್ಮ ತಲೆಗೂದಲಿನ ದಪ್ಪಕ್ಕೆ ಕುಗ್ಗಿಸಿದಿರಿ ಎನ್ನಿ. ಆ ಕೂದಲಿನ ಉದ್ದ ಎರಡು ಮೀಟರಿಗೂ ಹೆಚ್ಚಾಗುತ್ತದೆ. ಕೂದಲಿನ ಒಂದು ತುದಿಯನ್ನು ಬೆರಳಲ್ಲಿ ಹಿಡಿದು ಹೊಸೆಯುತ್ತಾ, ಇನ್ನೊಂದು ತುದಿಯಲ್ಲಿ ಕಲ್ಲು ಕೊರೆಯುವ ಸಾಹಸ ಇದು. ಪೈಪುಗಳಷ್ಟರದೇ ತೂಕ ನೂರು ಟನ್ ಮೀರುವುದರಿಂದ ಅವನ್ನು ಕೆಳಕ್ಕೆ ಒತ್ತುವುದಿಲ್ಲ, ರಿಗ್ಗಿನ ಗೋಪುರದಿಂದ ನೇತುಹಾಕಿರುತ್ತಾರೆ. ಬಿಟ್ ಮೇಲೆ ಭಾರ ಹೇರುವ ಕೆಲಸ ತುದಿಯಲ್ಲಿರುವ ದಪ್ಪಗೋಡೆಯ ಕಾಲರ್ ಪೈಪುಗಳದ್ದು. ಪೈಪಿನ ಹೊಟ್ಟೆಯೊಳಗಿಂದ ಮಡ್, ಅಂದರೆ ಜೇಡಿ ಮತ್ತಿತರ ಪುಡಿ ಬೆರೆಸಿದ ದ್ರವ, ಕೆಳಗಿಳಿದು ಬಿಟ್‌ನ ರಂಧ್ರಗಳಿಂದ ಚಿಮ್ಮಿ, ಕಲ್ಲಿನ ಚೂರುಗಳನ್ನು ಹೊತ್ತು ಹೊರಬದಿಯಿಂದ ಮೇಲೆ ಬರುತ್ತದೆ.

1901ರ ಜನವರಿ 10ರಂದು ಟೆಕ್ಸಾಸಿನ ಸ್ಪಿಂಡಲ್‌ಟಾಪ್‌ನಲ್ಲಿ ಎಣ್ಣೆ ಆಕಾಶಕ್ಕೆ ಚಿಮ್ಮಿದಾಗ ತಿರುಗಿಸಿ ಕೊರೆಯುವ ಪದ್ಧತಿ ಲೋಕಪ್ರಸಿದ್ಧವಾಯಿತು. ಆ ಬಾವಿಯ ಆಳ 350 ಮೀಟರಿನ ಆಸುಪಾಸು, ನಮ್ಮ ಚಿಕ್ಕಬಳ್ಳಾಪುರ–ಕೋಲಾರದ ಬೋರುಗಳಿಗಿಂತ ಹೆಚ್ಚೇನಲ್ಲ. ಅಷ್ಟುದ್ದಕ್ಕೆ ಪೈಪು ಹೆಚ್ಚುಕಡಿಮೆ ಗಟ್ಟಿ ಸಲಾಕೆಯಂತೆಯೇ ವರ್ತಿಸುತ್ತದೆ. ಮೇಲೆ ಒಂದು ಸುತ್ತು ತಿರುಗಿಸಿದರೆ ಕೆಳಗೂ ಒಂದು ಸುತ್ತು. ಬಾವಿಗಳು ಆಳವಾದವು. ಸಲಾಕೆ ಎಂಬ ಕಲ್ಪನೆ ಮಾತ್ರ ಬಹಳ ವರ್ಷ ತಲೆಯಲ್ಲಿ ಹಾಗೇ ಉಳಿಯಿತು. ಮೇಲಿನ ಮೀಟರ್ ನಿಮಿಷಕ್ಕೆ 100 ಎಂದು ತೋರಿಸುತ್ತಿದ್ದರೆ ಕೆಳಗೂ 100 ಎಂದೇ ಲೆಕ್ಕ. ಕಂಡವರು ಯಾರು? 1968ರಲ್ಲಿ ಎಸ್ಸೊ ಕಂಪನಿಯ ಸಂಶೋಧಕರು ಬಿಟ್ ಹತ್ತಿರವೇ ಕೂತು ದಾಖಲಿಸುವ ಉಪಕರಣವನ್ನು ಬಾವಿಗಿಳಿಸಿ, ಅಲ್ಲಿನ ಬಲ ಮತ್ತು ಚಲನೆಗಳ ಅಳತೆ ಪ್ರಕಟಿಸಿದರು. ಮೇಲಿನ ಶಾಂತಿಗೂ ಕೆಳಗಿನ ಸ್ಥಿತಿಗೂ ಸಂಬಂಧವೇ ಇರಲಿಲ್ಲ.

ಕೆಳಗೆ ಏನಾಗುತ್ತದೆ ಎಂದು ನೋಡಲು ಬಾವಿಗೆ ಇಳಿಯಬೇಕಿಲ್ಲ. ಒಂದು ಬೆಂಕಿಪೊಟ್ಟಣದಲ್ಲಿ ನಾಲ್ಕು ನಾಣ್ಯ ತುಂಬಿ, ಅದಕ್ಕೊಂದು ರಬ್ಬರ್ ಬ್ಯಾಂಡ್ ಸಿಕ್ಕಿಸಿ ಮೇಜಿನ ಮೇಲೆ ನಿಧಾನವಾಗಿ ಎಳೆಯಿರಿ. ಕೈ ಒಂದೇ ಸಮ ಹೋಗುತ್ತಿರಲಿ. ಪೊಟ್ಟಣ ಮೊದಲು ಅಲುಗುವುದಿಲ್ಲ, ರಬ್ಬರ್ ಹಿಗ್ಗುತ್ತಲೇ ಇರುತ್ತದೆ. ಒಂದು ಗಳಿಗೆಯಲ್ಲಿ ಪೊಟ್ಟಣ ಚಂಗನೆ ಹಾರಿ ಮುಂದೆ ಬಂದು ಮತ್ತೆ ನಿಲ್ಲುತ್ತದೆ. ನಿಂತ ವಸ್ತುವನ್ನು ಹೊರಡಿಸಲು ಬೇಕಾದ ಬಲ, ಹೊರಟದ್ದನ್ನು ನಡೆಸಲು ಬೇಕಾದ ಬಲಕ್ಕಿಂತ ಹೆಚ್ಚು. ಈ ವ್ಯತ್ಯಾಸ ಒಂದು ಕಡೆ, ನಡುವಿನ ರಬ್ಬರಿನ ಹಿಗ್ಗು ಇನ್ನೊಂದು ಕಡೆ. ಎರಡೂ ಸೇರಿದರೆ ಕೈಯ ಸಮಗತಿ ಪೊಟ್ಟಣದ ಬಳಿ ಕುಪ್ಪಳಿಕೆಯಾಗುತ್ತದೆ. ಪಿಟೀಲಿನ ಕಮಾನಿಗೆ ರಾಳ ತಿಕ್ಕುವುದೂ ಇದಕ್ಕೇ. ಕಮಾನು ತಂತಿಯನ್ನು ಕಚ್ಚುತ್ತದೆ, ಜಾರಿಸುತ್ತದೆ, ಮತ್ತೆ ಕಚ್ಚುತ್ತದೆ, ಸೆಕೆಂಡಿಗೆ ನೂರಾರು ಸಲ. ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಅದನ್ನು ಕಂಡು ವಿವರಿಸಿದ. ಚೌಡಯ್ಯನವರ ಏಳು ತಂತಿಯ ಪಿಟೀಲಾದರೂ ಅಷ್ಟೇ, ಸಂತೆಗೆ ಹೋಗುವ ಗಾಡಿಯ ಎಣ್ಣೆ ಕಾಣದ ಕೀಲಾದರೂ ಅಷ್ಟೇ.

ಡ್ರಿಲ್ ಪೈಪಿನಲ್ಲಿ ರಬ್ಬರಿನ ಪಾತ್ರ ವಹಿಸುವುದು ಉಕ್ಕೇ. ಉಕ್ಕು ರಬ್ಬರಿನಂತೆ ಹುರಿಗೊಳ್ಳುತ್ತದೆಯೇ ಎಂದು ಅನುಮಾನಿಸುವವರಿಗೆ ಒಂದು ಲೆಕ್ಕ. 10 ಮೀಟರ್ ಉದ್ದದ ಹಾರೆಯ ತುದಿಗೆ 100 ಕಿಲೋ ಮೂಟೆ ನೇತುಹಾಕಿದರೆ ಬುಡದಲ್ಲಿ ಎಷ್ಟು ತಿರುಚುಬಲ ಹುಟ್ಟುತ್ತದೋ, ಅಷ್ಟು ಬಲ ಬಿಟ್ ಬಳಿ ಬೇಕಾಗಿದೆ ಎನ್ನೋಣ. ಆಳದ ಬಾವಿಯಲ್ಲಿ ಅದೇನೂ ದೊಡ್ಡ ಮೊತ್ತವಲ್ಲ. ಅದನ್ನು ಕೆಳಗೆ ಮುಟ್ಟಿಸಲು 4 ಕಿ.ಮೀ. ಉದ್ದದ ಐದಿಂಚಿನ ಪೈಪು ಹತ್ತಿರ ಹತ್ತಿರ ಏಳು ಸುತ್ತು ಹುರಿಗೊಂಡಿರಬೇಕು. ಮೇಲಿನ ತುದಿ ಏಳು ಸುತ್ತು ತಿರುಗಿದ ಮೇಲಷ್ಟೇ ಕೆಳಗಿನ ತುದಿಗೆ ಹೊರಡುವ ಮನಸ್ಸು ಬರುತ್ತದೆ. ಈ ಸುದ್ದಿ ಹೋಗಿ ಮುಟ್ಟಲೂ ಸಮಯ ಬೇಕು. ಉಕ್ಕಿನಲ್ಲಿ ತಿರುಚಿನ ಅಲೆಯ ವೇಗ ಸೆಕೆಂಡಿಗೆ ಸುಮಾರು 3,200 ಮೀಟರ್. ಮೇಲಿನಿಂದ ಬಿಟ್‌ಗೆ ಒಂದೂಕಾಲು ಸೆಕೆಂಡು, ಅಲ್ಲಿಂದ ವಾಪಸ್ಸಿಗೆ ಮತ್ತೊಂದೂಕಾಲು.

ಈಗ ಬಿಟ್ ಕಲ್ಲಲ್ಲಿ ಕಚ್ಚಿಕೊಂಡು ನಿಂತಿತು. ಮೇಲೆ ಮೋಟಾರು ನಿಮಿಷಕ್ಕೆ 100 ಸುತ್ತಿನಂತೆ ತಿರುಗುತ್ತಲೇ ಇದೆ. ಎರಡು ಸೆಕೆಂಡು ನಿಂತರೂ ಮೂರು ಸುತ್ತಿಗೂ ಹೆಚ್ಚು ಹೊಸ ಹುರಿ ಸೇರುತ್ತದೆ. ಕಡೆಗೆ ಕಲ್ಲು ಸೋತು ಬಿಟ್ ಬಿಡಿಸಿಕೊಂಡಾಗ ಆ ಹುರಿಯಷ್ಟೂ ಒಮ್ಮೆಲೇ ಬಿಚ್ಚುತ್ತದೆ. ಬಿಟ್ ನಿಮಿಷಕ್ಕೆ 250, 300ರ ವೇಗಕ್ಕೆ ಏರಿ, ಓಡಿ, ದಣಿದು ಮತ್ತೆ ಕಚ್ಚಿಕೊಳ್ಳುತ್ತದೆ. ಇಡೀ ಆಟಕ್ಕೆ ಐದಾರು ಸೆಕೆಂಡು. ಎಂಜಿನಿಯರುಗಳು ಇದನ್ನು ಸ್ಟಿಕ್-ಸ್ಲಿಪ್ ಎನ್ನುತ್ತಾರೆ. ನಾವು ಕಚ್ಚು-ಜಾರು ಎನ್ನೋಣ. ಗಂಟೆಗಟ್ಟಲೆ ಹೀಗೇ ನಡೆಯಬಹುದು. ಸರಾಸರಿ ತೆಗೆದರೆ ಕೆಳಗೂ ನೂರೇ ಸುತ್ತು! ಸರಾಸರಿಯನ್ನು ನಂಬುವವರು ಗಮನಿಸಬೇಕಾದ ಸಂಗತಿ.

ಪಿಟೀಲು ಹಾಡುತ್ತದೆ, ಇದೇಕೆ ಹಾಡುವುದಿಲ್ಲ? ಇದೂ ಹಾಡುತ್ತದೆ. ಆದರೆ ಐದು ಸೆಕೆಂಡಿಗೊಂದು ಕಂಪನದ ಆ ಸ್ವರ ನಮ್ಮ ಕಿವಿಗೆ ಕೇಳುವ ಅತ್ಯಂತ ತಗ್ಗಿನ ಸ್ವರಕ್ಕಿಂತ ನೂರು ಪಟ್ಟು ಕೆಳಗಿದೆ. ಕೇಳಿಸುವುದು ಅದರ ನೆರಳು ಮಾತ್ರ. ರಿಗ್ಗಿನ ಹಳೆಯ ಕೆಲಸಗಾರರಿಗೆ ಎಂಜಿನ್ ಉಸಿರುಗಟ್ಟಿದಂತೆ ನರಳಿ ಮತ್ತೆ ಹಗುರಾಗುವ ಏರಿಳಿತ ಪರಿಚಿತ. ನಮ್ಮ ಆಪರೇಟರನ ಅಂಗೈಯಂತೆ ಅವರ ಕಿವಿಗೂ ಅದು ಬರುತ್ತಿತ್ತು.

ಕಚ್ಚು-ಜಾರು ಒಂದೇ ಆಗಿದ್ದರೆ ಕಥೆ ಸರಳ. ಇನ್ನೆರಡು ಬಗೆಯ ನಡುಕಗಳಿವೆ, ಮೂರಕ್ಕೂ ನೆಂಟಸ್ತಿಕೆಯಿದೆ.

ಮೊದಲನೆಯದು ಮೇಲೆ-ಕೆಳಗೆ ಕುಪ್ಪಳಿಸುವುದು. 1909ರಲ್ಲಿ ಹೊವಾರ್ಡ್ ಹ್ಯೂಸ್ ಹಲ್ಲುಗಳಿರುವ ಎರಡು ಶಂಕುಗಳಿದ್ದ ಬಿಟ್‌ಗೆ ಪೇಟೆಂಟ್ ಪಡೆದ. (ವಿಮಾನ, ಸಿನಿಮಾ ಎಂದು ಹೆಸರಾದವನ ತಂದೆ, ಮಗನ ಹುಚ್ಚುಗಳಿಗೆಲ್ಲ ದುಡ್ಡು ಒದಗಿಸಿದ್ದು ಈ ಬಿಟ್ಟೇ.) 1933ರಲ್ಲಿ ಆ ಕಂಪನಿಯವರು ಮೂರು ಶಂಕುಗಳದನ್ನು ತಂದರು. ಮೂರು ಶಂಕುಗಳು ಉರುಳುತ್ತ ಉರುಳುತ್ತ ಬಾವಿಯ ತಳದಲ್ಲಿ ಮೂರು ದಿಬ್ಬ, ಮೂರು ತಗ್ಗು ಮೂಡಿಸುತ್ತವೆ. ಆಮೇಲೆ ಪ್ರತಿ ಸುತ್ತಿಗೂ ಬಿಟ್ ಮೂರು ಸಲ ಎದ್ದು ಬೀಳಬೇಕು. ನಿಮಿಷಕ್ಕೆ 120 ಸುತ್ತಾದರೆ ಸೆಕೆಂಡಿಗೆ ಆರು ಕುಪ್ಪಳಿಕೆ. ಪೈಪಿನ ಸಹಜ ಕಂಪನಕ್ಕೂ ಆ ಆರಕ್ಕೂ ತಾಳೆಯಾಗಿಬಿಟ್ಟರೆ ಗೋಪುರದ ಮೇಲಿನ ಸರಪಳಿಗಳೂ ಝಣಝಣ ಎನ್ನತೊಡಗುತ್ತವೆ. ಇದಕ್ಕೆ ಮದ್ದು ಸುಲಭ. ಬಿಟ್ ಹಿಂದೆ ಒಂದು ಸ್ಪ್ರಿಂಗ್ ಕೂರಿಸುವುದು, ಮೋಟಾರುಬೈಕಿನ ಶಾಕ್‌ ಅಬ್ಸಾರ್ಬರ್ ಇದ್ದ ಹಾಗೆ. ಇಲ್ಲವೇ ವೇಗವನ್ನು ತುಸು ಹೆಚ್ಚುಕಡಿಮೆ ಮಾಡಿ ತಾಳೆ ತಪ್ಪಿಸುವುದು.

1970ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಕೃತಕ ವಜ್ರದ ಹರಳುಗಳನ್ನು ಬೆಸೆದ ಬಿಲ್ಲೆಗಳನ್ನು ಮಾರುಕಟ್ಟೆಗೆ ತಂದ ಮೇಲೆ ಶಂಕುಗಳಿಲ್ಲದ, ಉರುಳುವ ಭಾಗವೇ ಇಲ್ಲದ ಬಿಟ್ ಬಂತು. ಪಿಡಿಸಿ ಎಂದು ಅದರ ಹೆಸರು. ತುರಿಮಣೆ ಕಾಯಿ ತುರಿದಂತೆ ಅದು ಕಲ್ಲನ್ನು ಹೆರೆಯುತ್ತದೆ. ದಿಬ್ಬ-ತಗ್ಗುಗಳ ಕಾಟ ತಪ್ಪಿತು, ಕುಪ್ಪಳಿಕೆ ಬಹುಪಾಲು ನಿಂತಿತು. ಎಲ್ಲರಿಗೂ ನೆಮ್ಮದಿ. ಆದರೆ ಹೆರೆಯಲು ಹೆಚ್ಚು ತಿರುಚುಬಲ ಬೇಕು. ಹಾಗಾಗಿ ಕಚ್ಚು-ಜಾರು ಹೆಚ್ಚಿತು. ಜೊತೆಗೆ ಇನ್ನೊಂದು ಒಗಟು: ವಜ್ರದ ಬಿಲ್ಲೆಗಳು ಸವೆಯುವ ಬದಲು ಚೂರುಚೂರಾಗಿ ಮೇಲೆ ಬರುತ್ತಿದ್ದವು. ಕಲ್ಲು ಗಟ್ಟಿಯಿದ್ದುದೇ ಕಾರಣ ಎಂದುಕೊಂಡಿದ್ದರು. 1989ರಲ್ಲಿ ಅಮೋಕೊ ಕಂಪನಿಯ ಬ್ರೆಟ್, ವಾರೆನ್ ಮತ್ತು ಬೇರ್ ಎಂಬ ಮೂವರು ಬೇರೆ ಆರೋಪಿಯನ್ನು ತೋರಿಸಿದರು. ಅದು ಹಿಮ್ಮುಖ ಗಿರಕಿ.

ಮನೆಯಲ್ಲಿ ಗಾಜಿನ ಬಳೆ ಇದ್ದರೆ ಮೇಜಿನ ಮೇಲಿಟ್ಟು ಒತ್ತಿ ಹಿಡಿಯಿರಿ. ಅದರೊಳಗೆ ಒಂದು ದಪ್ಪ ಪೆನ್ನನ್ನು ನೆಟ್ಟಗೆ ನಿಲ್ಲಿಸಿ, ಬಳೆಯ ಒಳಗೋಡೆಗೆ ತಾಗಿಸಿ, ಬಲಕ್ಕೆ ಹೊಸೆಯಿರಿ. ಪೆನ್ನು ತಾನು ಬಲಕ್ಕೆ ತಿರುಗುತ್ತ ಬಳೆಯೊಳಗೆ ಎಡಕ್ಕೆ ಉರುಳಿಕೊಂಡು ಹೋಗುತ್ತದೆ. ಬಾವಿಯಲ್ಲಿ ಆಗುವುದೂ ಇದೇ. ಬಿಟ್ ಅಥವಾ ಕಾಲರ್ ನಡುಗೆರೆಯಿಂದ ಸರಿದು ಗೋಡೆಗೆ ತಾಗಿತೆಂದರೆ ಘರ್ಷಣೆ ಅದನ್ನು ಗೋಡೆಯುದ್ದಕ್ಕೂ ಹಿಂದುಮುಂದಾಗಿ ಉರುಳಿಸುತ್ತದೆ. ಗುಂಡಿಗೂ ಪೈಪಿಗೂ ನಡುವೆ ಎಡೆ ಕಮ್ಮಿಯಿದ್ದಷ್ಟೂ ಗಿರಕಿ ಜೋರು. 216 ಮಿಲಿಮೀಟರ್ ಗುಂಡಿಯಲ್ಲಿ 171 ಮಿಲಿಮೀಟರ್ ಕಾಲರ್ ಇದ್ದರೆ, ಅದು ಒಂದು ಸುತ್ತು ತಿರುಗುವಷ್ಟರಲ್ಲಿ ಹೆಚ್ಚುಕಡಿಮೆ ನಾಲ್ಕು ಸಲ ಗುಂಡಿಯನ್ನು ಪ್ರದಕ್ಷಿಣೆ ಹಾಕುತ್ತದೆ, ಅಲ್ಲಲ್ಲ, ಅಪ್ರದಕ್ಷಿಣೆ. ನಿಮಿಷಕ್ಕೆ 120 ಸುತ್ತಾದರೆ ಪೈಪು ಆ ಒಂದೇ ನಿಮಿಷದಲ್ಲಿ ಐನೂರಕ್ಕೂ ಹೆಚ್ಚು ಸಲ ಅತ್ತಿತ್ತ ಬಾಗುತ್ತದೆ. ಒಂದು ಪಾಳಿ ಮುಗಿಯುವಷ್ಟರಲ್ಲಿ ಎರಡು ಲಕ್ಷ ದಾಟುತ್ತದೆ. ತಂತಿ ಮುರಿಯಬೇಕಾದರೆ ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸುತ್ತೇವಲ್ಲ, ಅದೇ ತಂತ್ರ. ಇನ್ನು ಬಿಲ್ಲೆಗಳ ಪಾಡು. ವಜ್ರ ಮುಂದಿನ ಒತ್ತಡಕ್ಕೆ ಜಗ್ಗದು, ಆದರೆ ಬೆನ್ನಿನಿಂದ ಅಥವಾ ಪಕ್ಕೆಯಿಂದ ಬಿದ್ದ ಏಟಿಗೆ ಚಕ್ಕೆ ಏಳುತ್ತದೆ. ಹಿಮ್ಮುಖ ಗಿರಕಿಯಲ್ಲಿ ಬೀಳುವುದೆಲ್ಲ ಅಂಥ ಏಟುಗಳೇ.

ಅಮೋಕೊದವರು ಕಂಡುಕೊಂಡ ಪರಿಹಾರ ನನಗೆ ಬಹಳ ಇಷ್ಟ. ಬಿಟ್‌ನ ಬಲಗಳನ್ನೆಲ್ಲ ಸರಿತೂಗಿಸಿ ಅದನ್ನು ನಡುವಲ್ಲಿ ನಿಲ್ಲಿಸಬೇಕು ಎಂಬುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಅಂಥ ಸಮತೋಲ ಒಂದು ಸಣ್ಣ ತಳ್ಳಿಗೆ ತಪ್ಪುತ್ತದೆ. ಇವರು ಬೇಕೆಂದೇ ಬಿಟ್ ಅನ್ನು ಓರೆ ಮಾಡಿದರು. ಬಿಲ್ಲೆಗಳನ್ನು ಒಟ್ಟು ಬಲ ಯಾವಾಗಲೂ ಒಂದೇ ಪಕ್ಕಕ್ಕೆ ವಾಲುವಂತೆ ಜೋಡಿಸಿದರು, ಆ ಪಕ್ಕದಲ್ಲಿ ಒಂದೂ ಬಿಲ್ಲೆಯಿಡದೆ ನುಣ್ಣನೆಯ ಪಟ್ಟಿಯೊಂದನ್ನು ಕೂರಿಸಿದರು. ಬಿಟ್ ಗೋಡೆಗೆ ಒರಗುತ್ತದೆ, ಆದರೆ ಒರಗಿದ ಜಾಗ ನುಣುಪು. ಹಿಡಿತ ಸಿಗದ್ದರಿಂದ ಉರುಳದೆ ಜಾರಿಕೊಂಡು ಹೋಗುತ್ತದೆ.

ಡ್ರಿಲ್ಲರನಿಗೆ ತಲೆನೋವು ತರುವುದು ಮದ್ದುಗಳ ವಿರೋಧ. ಅವನ ಕೈಯಲ್ಲಿರುವ ಹಿಡಿಕೆಗಳು ಮುಖ್ಯವಾಗಿ ಎರಡೇ, ಬಿಟ್ ಮೇಲಿನ ಭಾರ ಮತ್ತು ಸುತ್ತಿನ ವೇಗ. ಕಚ್ಚು-ಜಾರು ಕಂಡರೆ ಭಾರ ಇಳಿಸಿ ವೇಗ ಏರಿಸಬೇಕು. ಗಿರಕಿ ಕಂಡರೆ ವೇಗ ಇಳಿಸಿ ಭಾರ ಏರಿಸಬೇಕು. ಉಷ್ಣಕ್ಕೆ ಕೊಟ್ಟದ್ದು ಶೀತ ಮಾಡಿತು, ಶೀತಕ್ಕೆ ಕೊಟ್ಟದ್ದು ಉಷ್ಣ ಕೆರಳಿಸಿತು ಎನ್ನುವ ಹಾಗೆ. ಎರಡರ ನಡುವೆ ನೆಮ್ಮದಿಯ ಒಂದು ಓಣಿ ಇರುತ್ತದೆ. ಕಲ್ಲು ಗಟ್ಟಿಯಾದಷ್ಟೂ, ಬಾವಿ ಆಳವಾದಷ್ಟೂ ಅದು ಇಕ್ಕಟ್ಟಾಗುತ್ತ ಹೋಗುತ್ತದೆ. ಕೆಲವೊಮ್ಮೆ ಓಣಿಯೇ ಇರುವುದಿಲ್ಲ. ಆಗ ಬಿಟ್ ಅನ್ನು ತಳದಿಂದ ಮೇಲೆತ್ತಿ, ಪೈಪಿನ ಹುರಿಯೆಲ್ಲ ಬಿಚ್ಚಿಕೊಳ್ಳುವ ತನಕ ಕಾದು, ಮೊದಲಿನಿಂದ ಶುರು ಮಾಡುವುದೊಂದೇ ದಾರಿ.

ಮೇಲಿಂದ ತಿರುಗಿಸುವುದನ್ನೇ ಬಿಟ್ಟರೆ? ರಷ್ಯನ್ನರು ಈ ದಾರಿ ಹಿಡಿದರು. 1922ರಲ್ಲೇ ಬಾಕುವಿನಲ್ಲಿ ಕಪೆಲ್ಯುಶ್ನಿಕೋವ್ ಎಂಬ ಎಂಜಿನಿಯರ್, ಪೈಪಿನೊಳಗೆ ಹರಿಯುವ ದ್ರವದ ಬಲದಿಂದಲೇ ತಿರುಗುವ ಟರ್ಬೈನನ್ನು ಬಿಟ್ ಹಿಂದೆ ಜೋಡಿಸುವ ಯೋಚನೆಗೆ ಪೇಟೆಂಟ್ ಪಡೆದಿದ್ದ. ಮೋಟಾರು ಬಿಟ್ ಪಕ್ಕದಲ್ಲೇ ಕೂತರೆ ನಡುವಿನ ಕಿಲೋಮೀಟರುಗಟ್ಟಲೆ ರಬ್ಬರಿಗೆ ಕೆಲಸವೇ ಇಲ್ಲ. ಕೋಲಾ ಪರ್ಯಾಯ ದ್ವೀಪದಲ್ಲಿ 1970ರ ಮೇ 24ರಂದು ಕೊರೆಯಲು ತೊಡಗಿ 1989ರ ಹೊತ್ತಿಗೆ 12,262 ಮೀಟರ್ ಮುಟ್ಟಿದ ಪ್ರಸಿದ್ಧ ಬಾವಿಯಲ್ಲಿ ಬಳಸಿದ್ದು ಇಂಥ ಟರ್ಬೈನನ್ನೇ. ಪೈಪುಗಳು ಅಲ್ಯೂಮಿನಿಯಂ ಮಿಶ್ರಲೋಹದವು, ತಮ್ಮ ತೂಕಕ್ಕೆ ತಾವೇ ಹರಿಯದಿರಲೆಂದು. ಅಷ್ಟಾದರೂ 1984ರ ಸೆಪ್ಟೆಂಬರಿನಲ್ಲಿ, 12,066 ಮೀಟರಿನ ನಂತರ, ಐದು ಕಿಲೋಮೀಟರಿನಷ್ಟು ಪೈಪು ತುಂಡಾಗಿ ಒಳಗೇ ಉಳಿಯಿತು. ಅವರು 7,000 ಮೀಟರಿಗೆ ಹಿಂದಿರುಗಿ ಅಲ್ಲಿಂದ ಪಕ್ಕಕ್ಕೆ ಹೊಸ ದಾರಿ ಕೊರೆದರು. ಬೋರಿನೊಳಗೆ ರಾಡು ಕಳೆದುಕೊಂಡ ನಮ್ಮ ರೈತನಿಗೆ ಆ ಸಂಕಟ ಬೇರೆಯವರು ಹೇಳಬೇಕಿಲ್ಲ. ಟರ್ಬೈನಿಗೂ ಅದರ ನಂತರ ಬಂದ ತಳದ ಮೋಟಾರುಗಳಿಗೂ ತಮ್ಮವೇ ಇತಿಮಿತಿಗಳಿವೆ. ಅವು ಸವೆಯುತ್ತವೆ, ಶಾಖಕ್ಕೆ ಸೋಲುತ್ತವೆ. ಪೈಪು ಸುಮ್ಮನೆ ಬಿದ್ದಿದ್ದರೆ ಕಲ್ಲಿನ ಚೂರು ಮೇಲೆ ಬರದೆ ಕೂರುತ್ತದೆ. ಹೀಗಾಗಿ ಮೇಲಿನಿಂದ ತಿರುಗಿಸುವುದು ತಪ್ಪಲಿಲ್ಲ, ಅದನ್ನೇ ಸರಿ ಮಾಡಬೇಕಾಯಿತು.

ಅದನ್ನು ಸರಿ ಮಾಡಿದ್ದು ಒಂದು ವಿಚಿತ್ರ ತಿಳಿವಳಿಕೆ.

ಬಾವಿಯ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದನ್ನು ಹಿಡಿದು ಒಮ್ಮೆ ಜಾಡಿಸಿ. ಗೂನೊಂದು ಹಗ್ಗದುದ್ದಕ್ಕೂ ಓಡಿ ಕಂಬಕ್ಕೆ ಬಡಿದು ತಿರುಗಿ ನಿಮ್ಮ ಕೈಗೆ ಬರುತ್ತದೆ. ಕಂಬ ಅಲುಗುವುದಿಲ್ಲ, ಆದ್ದರಿಂದ ಬಂದ ಶಕ್ತಿಯಷ್ಟನ್ನೂ ಹಿಂದಕ್ಕೆ ಅಟ್ಟುತ್ತದೆ. ಕಂಬದ ಬದಲು ಒಬ್ಬ ಮನುಷ್ಯ ಹಿಡಿದುಕೊಂಡು, ಗೂನು ಬಂದಾಗ ಸರಿಯಾಗಿ ಅಷ್ಟೇ ಸಡಿಲ ಕೊಟ್ಟನೆನ್ನಿ. ಗೂನು ಅವನ ಕೈಯಲ್ಲೇ ಇಂಗಿಹೋಗುತ್ತದೆ. ರಿಗ್ಗಿನ ಮೋಟಾರು ಆ ಕಂಬ. ವೇಗ ನೂರೆಂದರೆ ನೂರೇ ಇರಬೇಕು, ಒಂದು ಸುತ್ತೂ ಏರುಪೇರಾಗಬಾರದು ಎಂದು ಅದರ ನಿಯಂತ್ರಕವನ್ನು ರೂಪಿಸಿದ್ದರು. ಒಳ್ಳೆಯ ಎಂಜಿನಿಯರಿಂಗ್ ಎಂದರೆ ಅದೇ ತಾನೇ? ಬಿಟ್ ಕಚ್ಚಿಕೊಂಡಾಗ ಹೊರಟ ತಿರುಚಿನ ಅಲೆ ಮೇಲೆ ಬಂದು, ಈ ಹಟಮಾರಿ ಮೋಟಾರಿಗೆ ಬಡಿದು, ಚೂರೂ ಕಳೆಗುಂದದೆ ಕೆಳಗಿಳಿದು ಬಿಟ್ ಅನ್ನು ಮತ್ತೆ ಕೆಣಕುತ್ತಿತ್ತು. ಮೇಲೆ ಎಷ್ಟು ಬಿಗಿ ಹಿಡಿದರೋ ಕೆಳಗೆ ಅಷ್ಟು ಕುಣಿತ.

1988ರಲ್ಲಿ ನಾರ್ವೆಯ ರೋಗಾಲ್ಯಾಂಡ್ ಸಂಶೋಧನಾ ಸಂಸ್ಥೆಯ ಹಾಲ್ಸಿ, ಶಿಲ್ಲಿಂಗ್‌ಸ್ಟಾಡ್ ಮತ್ತು ಶಿಲ್ಲಿಂಗ್ ಇದನ್ನು ತಿರುವುಮುರುವು ಮಾಡಿದರು. ತಿರುಚುಬಲವನ್ನು ಮೇಲೆಯೇ ಅಳೆಯುತ್ತಿರುವುದು. ಅದು ಏರಿದಾಗ ಮೋಟಾರಿನ ವೇಗವನ್ನು ಆ ಏರಿಕೆಗೆ ತಕ್ಕಷ್ಟು ಇಳಿಸುವುದು, ಇಳಿದಾಗ ಏರಿಸುವುದು. ಎಷ್ಟು ಎಂಬುದನ್ನು ಪೈಪಿನ ದಪ್ಪವೇ ತೀರ್ಮಾನಿಸುತ್ತದೆ. ಐದಿಂಚಿನ ಪೈಪಿಗೆ ಲೆಕ್ಕ ಹಾಕಿದರೆ, ತಿರುಚುಬಲ 1,000 ನ್ಯೂಟನ್-ಮೀಟರ್ ಹೆಚ್ಚಿದಾಗ ವೇಗ ನಿಮಿಷಕ್ಕೆ ಸುಮಾರು 30 ಸುತ್ತು ತಗ್ಗಬೇಕು, ಆಗ ಅಲೆ ಪೂರ್ತಿ ಇಂಗುತ್ತದೆ. ಕೆಲಸದಲ್ಲಿ ಅಷ್ಟೊಂದು ಬಗ್ಗಬೇಕಾಗಿಲ್ಲ. ಅಲೆಯ ಒಂದು ಪಾಲನ್ನು ನುಂಗಿದರೂ ಸಾಕು, ಪ್ರತಿ ಸುತ್ತಿಗೂ ಕಳೆಗುಂದುತ್ತ ಕಚ್ಚು-ಜಾರು ತಾನಾಗಿ ಅಡಗುತ್ತದೆ. ಶೆಲ್ ಕಂಪನಿ ಇದೇ ತತ್ತ್ವದ ಮೇಲೆ ಸಾಫ್ಟ್ ಟಾರ್ಕ್ ಎಂಬ ವ್ಯವಸ್ಥೆ ಬೆಳೆಸಿತು. 2009ರಲ್ಲಿ ಅದೇ ಶಿಲ್ಲಿಂಗ್‌ಸ್ಟಾಡ್ ಇನ್ನೊಬ್ಬರ ಜೊತೆಗೂಡಿ ಮೋಟಾರಿನ ಸ್ವಂತ ಜಡತ್ವವನ್ನೂ ಲೆಕ್ಕಕ್ಕೆ ತಂದ ಸುಧಾರಿತ ವಿಧಾನ ಮಂಡಿಸಿದರು. ಇಪ್ಪತ್ತೊಂದು ವರ್ಷ ಒಂದೇ ಸಮಸ್ಯೆಯ ಬೆನ್ನು ಬಿಡದ ಇಂಥವರ ಮೇಲೆ ನನಗೆ ಗೌರವ ಹೆಚ್ಚು. ಯಂತ್ರಕ್ಕೆ ಒಂದು ಮೊಳೆಯನ್ನೂ ಹೊಸದಾಗಿ ಹೊಡೆಯದೆ, ನಿಯಂತ್ರಕಕ್ಕೆ ಕೊಡುವ ಸೂಚನೆಯನ್ನು ಬದಲಿಸಿ ಗೆದ್ದದ್ದು ಇಲ್ಲಿನ ಸೊಗಸು.

ಈ ಬಿಟ್ಟುಕೊಡುವ ಗುಣವನ್ನು ಬಿಟ್ ಹತ್ತಿರವೇ ಇಡುವ ಸಲಕರಣೆಗಳೂ ಬಂದಿವೆ. ಒಂದರ ಒಳಗೆ ಓರೆ ಮರೆಗಳ ತಿರುಪೂ ಬಲವಾದ ಸ್ಪ್ರಿಂಗೂ ಇರುತ್ತವೆ. ಬಿಟ್ ಕಚ್ಚಿಕೊಳ್ಳುವ ಸೂಚನೆಯಾಗಿ ತಿರುಚುಬಲ ಏರಿದ ಕೂಡಲೇ ಆ ತಿರುಪು ತಾನಾಗಿ ಒಳಸರಿದು ಸಲಕರಣೆಯ ಉದ್ದ ಕುಗ್ಗಿಸುತ್ತದೆ, ಬಿಟ್ ಮೇಲಿನ ಭಾರ ಹಗುರಾಗುತ್ತದೆ. ತುಂಬಿದ ತಕ್ಕಡಿಯಿಂದ ಒಂದು ಹಿಡಿ ತೆಗೆದಂತೆ. ಮೇಲಕ್ಕೆ ಸುದ್ದಿ ಕಳಿಸಿ ಅಪ್ಪಣೆಗೆ ಕಾಯುವ ಎರಡೂವರೆ ಸೆಕೆಂಡು ಉಳಿಯಿತು.

ಇಷ್ಟಕ್ಕೂ ಬಿಟ್ ಮೊದಲು ಕಚ್ಚಿಕೊಳ್ಳುವುದೇಕೆ? ಬೆಂಕಿಪೊಟ್ಟಣದ ಉತ್ತರ, ಅಂದರೆ ನಿಂತಾಗ ಘರ್ಷಣೆ ಹೆಚ್ಚು ಎಂಬುದು, ದಶಕಗಳ ಕಾಲ ಎಲ್ಲರಿಗೂ ಸಾಕಾಗಿತ್ತು. ಮಿನ್ನೆಸೋಟಾ ವಿಶ್ವವಿದ್ಯಾಲಯದ ಎಮ್ಯಾನ್ಯುಯೆಲ್ ಡಿಟೂರ್ನೆ ಮತ್ತು ಸಂಗಡಿಗರಿಗೆ ಅದು ಸಾಕೆನಿಸಲಿಲ್ಲ. ಪಿಡಿಸಿ ಬಿಟ್‌ನಲ್ಲಿ ಐದಾರು ಅಲಗುಗಳಿರುತ್ತವೆ. ಒಂದು ಅಲಗು ಎಷ್ಟು ಆಳ ಹೆರೆಯಬೇಕು ಎಂಬುದು ಅದರ ಮುಂದಿನ ಅಲಗು ಅದೇ ಜಾಗದಲ್ಲಿ ಎಷ್ಟು ಉಳಿಸಿಹೋಗಿದೆ ಎಂಬುದರ ಮೇಲೆ ನಿಂತಿದೆ. ಮುಂದಿನದು ಒಮ್ಮೆ ಎದ್ದು ಇಳಿದಿದ್ದರೆ ಅದು ಬಿಟ್ಟ ಉಬ್ಬನ್ನು ಹಿಂದಿನದು ಎದುರಿಸಬೇಕು. ಅದೂ ಏಳುತ್ತದೆ, ತನ್ನ ಹಿಂದಿನದಕ್ಕೆ ಇನ್ನೂ ದೊಡ್ಡ ಉಬ್ಬು ಬಿಡುತ್ತದೆ. ಮಣ್ಣಿನ ರಸ್ತೆಯಲ್ಲಿ ಒಂದು ಲಾರಿ ಎಗರಿದ ಜಾಗದಲ್ಲೇ ಹಿಂದಿನ ಲಾರಿಯೂ ಎಗರಿ ಎಗರಿ ರಸ್ತೆಯೆಲ್ಲ ತಗಡಿನ ಶೀಟಿನಂತೆ ಏಣುಗಟ್ಟುವುದಿಲ್ಲವೇ? ಪೀಣ್ಯದ ಲೇತ್ ಕೆಲಸಗಾರನಿಗೂ ಇದು ಗೊತ್ತು. ಟೂಲು ಕಿರುಗುಟ್ಟಿ ಕೆಲಸದ ಮೇಲೆ ಸಾಲುಗೆರೆ ಬಿದ್ದರೆ ಚಾಟರ್ ಬಂತು ಎನ್ನುತ್ತಾನೆ. ಕಲ್ಲಿನ ನೆನಪು ಬಿಟ್ ಅನ್ನು ಕಾಡುತ್ತದೆ. ಈ ತಂಡ 2007ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಪ್ರಕಾರ ಮೇಲೆ-ಕೆಳಗಿನ ಈ ಸಣ್ಣ ನಡುಕವೇ ತಿರುಚಿನ ದೊಡ್ಡ ನಡುಕವನ್ನು ಸಾಕುತ್ತದೆ. ವೇಗ ಹೆಚ್ಚಿದಂತೆ ಘರ್ಷಣೆ ಇಳಿದಂತೆ ಕಾಣುವುದು ಕಾರಣವಲ್ಲ, ಪರಿಣಾಮ. ಹಾಗಾದರೆ ಬಿಟ್ ವಿನ್ಯಾಸದಲ್ಲೇ ಅರ್ಧ ಔಷಧವಿದೆ. ಬಿಲ್ಲೆಗಳ ಹಿಂದೆ ಸಣ್ಣ ಮೊಂಡು ಗುಬುಟುಗಳನ್ನಿಟ್ಟು ಒಂದು ಮಿತಿಗಿಂತ ಆಳಕ್ಕೆ ಕಚ್ಚದಂತೆ ತಡೆಯುವ ಬಿಟ್‌ಗಳು ಈಗ ಸಾಮಾನ್ಯ.

ಮೇಲೆ ಬಗ್ಗುವ ಮೋಟಾರು, ಕೆಳಗೆ ಅಳತೆಯಾಗಿ ಕಚ್ಚುವ ಬಿಟ್. ಇಷ್ಟಾದ ಮೇಲೂ ಉಪಕರಣಗಳು ಮುರಿದು ಬರುವುದು ನಿಲ್ಲಲಿಲ್ಲ. ಈಚಿನ ಹದಿನೈದು ವರ್ಷಗಳಲ್ಲಿ ಸೆಕೆಂಡಿಗೆ ಸಾವಿರಾರು ಸಲ ಅಳೆಯುವ ಚಿಪ್‌ಗಳನ್ನು ಬಿಟ್ ಪಕ್ಕದಲ್ಲೇ ಇಳಿಸಿ ನೋಡಿದಾಗ ಇನ್ನೊಂದು ನಡುಕ ಸಿಕ್ಕಿತು. ಅದೂ ತಿರುಚಿನದೇ, ಆದರೆ ಸೆಕೆಂಡಿಗೆ ಐವತ್ತರಿಂದ ನಾನೂರು ಸಲ. ಅದು ತುದಿಯ ಕೆಲವೇ ಮೀಟರುಗಳಲ್ಲಿ ಹುಟ್ಟಿ ಅಲ್ಲೇ ಆಡುತ್ತದೆ, ಮೇಲೆ ಬರುವಷ್ಟರಲ್ಲಿ ಸತ್ತಿರುತ್ತದೆ. ಗೋಪುರದ ಬುಡದಲ್ಲಿ ಎಂಥ ಅಂಗೈ ಇಟ್ಟರೂ ಅದರ ಸುಳಿವು ಸಿಗದು. ಮೇಲಿನ ಮೋಟಾರು ಎಷ್ಟೇ ಬಗ್ಗಿದರೂ ಇದಕ್ಕೆ ತಟ್ಟದು. ಈ ನಡುಕಕ್ಕಾಗಿ ಬಿಟ್ ಹತ್ತಿರವೇ ಕೂರುವ ಡ್ಯಾಂಪರುಗಳ, ಅಲೆಯನ್ನು ತಡೆದು ಸೂಕ್ಷ್ಮ ಉಪಕರಣಗಳತ್ತ ಬಿಡದ ಮೆತ್ತನೆಯ ತುಂಡುಗಳ ಕೆಲಸ ನಡೆದಿದೆ.

ಅಳೆದದ್ದನ್ನು ಮೇಲೆ ತಿಳಿಸುವುದು ಇನ್ನೊಂದು ಪಾಡು. ನಾಲ್ಕು ಕಿಲೋಮೀಟರ್ ಆಳದಿಂದ ತಂತಿ ಎಳೆದರೆ ತಿರುಗುವ ಪೈಪಿನಲ್ಲಿ ಅದು ಉಳಿಯುವುದು ಕಷ್ಟ. ಪೈಪಿನ ಗೋಡೆಯಲ್ಲೇ ತಂತಿ ಹುದುಗಿಸಿದ ದುಬಾರಿ ಸರಕು ಇದೆ, ಎಲ್ಲ ಬಾವಿಗೂ ಅಲ್ಲ. 1970ರ ದಶಕದ ಕೊನೆಯಿಂದ ಹೆಚ್ಚಾಗಿ ಬಳಕೆಯಲ್ಲಿರುವುದು ಮಡ್ ಮೂಲಕ ಮಾತಾಡುವ ವಿಧಾನ. ಕೆಳಗಿನ ಉಪಕರಣ ಒಂದು ಕವಾಟವನ್ನು ತುಸು ಮುಚ್ಚಿ ತೆರೆಯುತ್ತದೆ, ಆ ಒತ್ತಡದ ಮಿಡಿತ ಪೈಪಿನೊಳಗಿನ ದ್ರವದಲ್ಲಿ ಏರಿ ಮೇಲಿನ ಗೇಜಿಗೆ ತಾಗುತ್ತದೆ. ಮೂರು ಸೆಕೆಂಡು ಪಯಣ. ಸೆಕೆಂಡಿಗೆ ಕೆಲವೇ ಬಿಟ್ ಮಾಹಿತಿ. ಇದು ಕೊರೆಯುವ ಬಿಟ್ ಅಲ್ಲ, ಕಂಪ್ಯೂಟರಿನದು. ಅಷ್ಟು ಸಣ್ಣ ಓಣಿಯಲ್ಲಿ ಸೆಕೆಂಡಿಗೆ ಸಾವಿರ ಅಳತೆಗಳ ಮೆರವಣಿಗೆ ಹೊರಡಿಸಲಾಗದು. ಆದ್ದರಿಂದ ಉಪಕರಣ ಕೆಳಗೇ ಕೂತು ಲೆಕ್ಕ ಮಾಡಿ, ನಡುಕ ಎಷ್ಟು ಜೋರು ಎಂಬುದನ್ನು ಒಂದೇ ಒಂದು ಅಂಕಿಗೆ ಇಳಿಸಿ ಕಳಿಸುತ್ತದೆ. ಸೊನ್ನೆ ಎಂದರೆ ಶಾಂತ, ಒಂದೆಂದರೆ ಎಚ್ಚರ, ಹೀಗೆ.

ಡ್ರಿಲ್ಲರ್ ಈಗ ಗಾಜಿನ ಕೋಣೆಯಲ್ಲಿ, ಗುಂಡಿ-ಲಿವರುಗಳಿರುವ ಕುರ್ಚಿಯ ಮೇಲೆ ಕೂತಿರುತ್ತಾನೆ. ಎದುರಿನ ಪರದೆಯ ಮೂಲೆಯಲ್ಲಿ 2 ಎಂದು ಮೂಡುತ್ತದೆ. ಕಚ್ಚು-ಜಾರೋ, ಗಿರಕಿಯೋ? ತಿರುಚುಬಲದ ಗೆರೆ ಐದಾರು ಸೆಕೆಂಡಿಗೊಮ್ಮೆ ಏರಿ ಇಳಿಯುತ್ತಿದೆಯೇ ಎಂದು ನೋಡುತ್ತಾನೆ. ಇಲ್ಲ, ಗೆರೆ ನೇರವಾಗಿದೆ. ಹಾಗಿದ್ದರೆ ಗಿರಕಿಯೇ. ವೇಗವನ್ನು ಹತ್ತು ಸುತ್ತು ತಗ್ಗಿಸುತ್ತಾನೆ, ಭಾರವನ್ನು ಅರ್ಧ ಟನ್ ಏರಿಸುತ್ತಾನೆ, ಬಿಡಿಸಿಟ್ಟ ಬಿಸ್ಕತ್ ಪೊಟ್ಟಣಕ್ಕೆ ಕೈ ಹಾಕುತ್ತಾನೆ. ಅರ್ಧ ನಿಮಿಷವಾದರೂ ಅಂಕಿ 2ರಲ್ಲೇ ಇದೆ. ಇನ್ನೂ ಹತ್ತು ತಗ್ಗಿಸುತ್ತಾನೆ. ಕಾಯುತ್ತಾನೆ. 1.